ನಗರದ ರಾತ್ರಿಗಳು ಬರಿದಾಗುತ್ತಿರುವುದಕ್ಕೆ ದುಬಾರಿ ಬದುಕೊಂದೇ ಕಾರಣವೇ?

ಪ್ರಶ್ನೆ

ಹತ್ತು ವರ್ಷಗಳ ಹಿಂದೆ ನಾನೂ ನನ್ನ ಗೆಳೆಯರೂ ವಾರಕ್ಕೆ ಎರಡು ರಾತ್ರಿಯಾದರೂ ಹೊರಗೆ ಸೇರಿ, ಸಂಗೀತ ಕೇಳಿ, ಮಧ್ಯರಾತ್ರಿ ಕಳೆದ ಮೇಲೆ ಮನೆಗೆ ಮರಳುತ್ತಿದ್ದೆವು. ಈಗ ತಿಂಗಳಿಗೊಮ್ಮೆ ಸೇರಿದರೆ ಹೆಚ್ಚು, ಅದೂ ಯಾರಾದರೊಬ್ಬರ ಮನೆಯಲ್ಲಿ. ಬಾಡಿಗೆ, ಸಾಲದ ಕಂತು, ಓಡಾಟದ ಖರ್ಚು ಕಳೆದ ಮೇಲೆ ಸಂಬಳದಲ್ಲಿ ಉಳಿಯುವುದು ಅತ್ಯಲ್ಪ ಎಂಬುದೇ ನಮ್ಮೆಲ್ಲರ ಕಾರಣ. ಆದರೆ ಮೊಬೈಲು ಬಂದ ಮೇಲೆ ಜನರ ಅಭಿರುಚಿಯೇ ಬದಲಾಯಿತು, ಕೋವಿಡ್ ನಂತರ ಮನೆಯಲ್ಲೇ ಉಳಿಯುವುದು ರೂಢಿಯಾಯಿತು ಎಂದು ವಾದಿಸುವವರೂ ಇದ್ದಾರೆ. ಈ ವ್ಯವಹಾರವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಸಣ್ಣದೊಂದು ಸಂಗೀತ ಸಭಾಂಗಣವನ್ನು ಒಂಬತ್ತು ವರ್ಷ ನಡೆಸಿ ಕೊನೆಗೆ ಬಾಗಿಲು ಹಾಕಿದವನು ನಾನು. ಬಾಡಿಗೆಯನ್ನು ತಿಂಗಳ ಮೂವತ್ತು ದಿನಕ್ಕೂ ಕೊಡಬೇಕು. ಆದಾಯ ಬರುವುದು ಮಾತ್ರ ಶುಕ್ರವಾರ ಮತ್ತು ಶನಿವಾರದ ರಾತ್ರಿಯ ನಾಲ್ಕೈದು ಗಂಟೆಗಳಲ್ಲಿ. ಜನ ಒಮ್ಮೆಲೇ ಬರುವುದನ್ನು ನಿಲ್ಲಿಸಲಿಲ್ಲ. ಮೊದಲು ಮಂಗಳವಾರ, ಬುಧವಾರಗಳು ಬರಿದಾದವು, ಮತ್ತು ಹೆಸರಿಲ್ಲದ ಹೊಸ ಕಲಾವಿದರಿಗೆ ವೇದಿಕೆ ಸಿಗುತ್ತಿದ್ದುದು ಆ ದಿನಗಳಲ್ಲೇ ಆಗಿದ್ದರಿಂದ, ಎರಡು ವರ್ಷ ಕಳೆಯುವಷ್ಟರಲ್ಲಿ ಶನಿವಾರಕ್ಕೆ ಕರೆಯಬಹುದಾದ ಹೊಸಬರೇ ಇಲ್ಲವಾದರು. ಟಿಕೆಟ್ ದರ ಏರಿಸಿದೆ. ಪ್ರಸಿದ್ಧರು ಹಾಡಿದರೆ ಮಾತ್ರ ಜನ ಬಂದರು.

ವಿಲಿಯಂ ಬಾಮಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲೇ ಇದರ ಮೂಲವನ್ನು ವಿವರಿಸಿದ್ದರು. ನಾಲ್ವರು ವಾದಕರು ಅರ್ಧ ಗಂಟೆ ನುಡಿಸಬೇಕಾದ ಕೃತಿಗೆ ಇನ್ನೂರು ವರ್ಷಗಳ ಹಿಂದೆಯೂ ನಾಲ್ವರೇ, ಅರ್ಧ ಗಂಟೆಯೇ ಬೇಕಿತ್ತು. ಇಂದಿಗೂ ಅಷ್ಟೇ ಬೇಕು. ಕಾರ್ಖಾನೆಯಲ್ಲಿ ಯಂತ್ರ ಬಂದು ಖರ್ಚು ಇಳಿದಂತೆ ಇಲ್ಲಿ ಇಳಿಯಲಾರದು, ಆದರೆ ವಾದಕರೂ ಅದೇ ನಗರದಲ್ಲಿ ಮನೆ ಬಾಡಿಗೆ ಕಟ್ಟಬೇಕು. ಅಭಿರುಚಿ ಬದಲಾಗಿದೆ ಎಂಬ ಮಾತನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. ಆದರೆ ನನ್ನ ಬಾಗಿಲು ಮುಚ್ಚಿಸಿದ್ದು ಅದಲ್ಲ.

ಉತ್ತರ 2

ನಗರ ಯೋಜನೆಯ ಕೆಲಸದಲ್ಲಿರುವ ನನಗೆ ಇದರ ಇನ್ನೊಂದು ಮುಖ ಕಾಣುತ್ತದೆ. ಸಂಗೀತದ ತಾಣಗಳಿಂದಾಗಿಯೇ ಒಂದು ಬಡಾವಣೆಗೆ ಬೇಡಿಕೆ ಬರುತ್ತದೆ, ಪಕ್ಕದಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತವೆ, ಅಲ್ಲಿಗೆ ಬಂದ ಹೊಸ ನಿವಾಸಿಗಳು ಸದ್ದಿನ ಬಗ್ಗೆ ದೂರು ಕೊಡುತ್ತಾರೆ. ಶಬ್ದ ತಡೆಯುವ ಹೊಣೆ ತಡವಾಗಿ ಬಂದ ಕಟ್ಟಡದ್ದೇ ಎಂಬ ನಿಯಮವನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ ತಂದಿತು. ಇಂಗ್ಲೆಂಡಿನ ಯೋಜನಾ ನೀತಿಗೂ 2018ರಲ್ಲಿ ಅದು ಸೇರಿತು. ಇದು ಎಲ್ಲ ನಗರಗಳಲ್ಲೂ ಇರಬೇಕಾದ ನಿಯಮ ಎಂದು ನಾನು ದೃಢವಾಗಿ ನಂಬುತ್ತೇನೆ.

ಆದರೂ ಮಾನ್ಯತೆಯೊಂದರಿಂದಲೇ ಬಾಡಿಗೆ ಇಳಿಯುವುದಿಲ್ಲ. ಕ್ಲಬ್ಬುಗಳನ್ನು ಸಾಂಸ್ಕೃತಿಕ ತಾಣಗಳೆಂದು ಪರಿಗಣಿಸಬೇಕೆಂದು ಜರ್ಮನಿಯ ಸಂಸತ್ತು 2021ರಲ್ಲಿ ನಿರ್ಣಯಿಸಿತು. ಹಾಗಿದ್ದೂ ಬರ್ಲಿನ್ನಿನ ವಾಟರ್‌ಗೇಟ್ ಕ್ಲಬ್ 22 ವರ್ಷ ನಡೆದು 2024ರ ಕೊನೆಗೆ ಮುಚ್ಚಿತು. ಸಿಡ್ನಿಯ ಕಥೆ ಬೇರೆ: ರಾತ್ರಿ 1.30ರ ನಂತರ ಹೊಸಬರನ್ನು ಒಳಗೆ ಬಿಡಬಾರದೆಂದು 2014ರಲ್ಲಿ ಬಂದ ಕಾನೂನೇ ಅಲ್ಲಿನ ನಗರಕೇಂದ್ರದ ರಾತ್ರಿಗಳನ್ನು ಬಹುಮಟ್ಟಿಗೆ ಕುಗ್ಗಿಸಿತು.

ಬಾಡಿಗೆ ಏರಿದಂತೆ ಯುವಜನರು ನಗರದ ಅಂಚಿಗೆ ಸರಿಯುತ್ತಾರೆ, ಆಗ ಅವರ ರಾತ್ರಿ ಮುಗಿಯುವುದು ಕೊನೆಯ ರೈಲಿನ ಹೊತ್ತಿಗೆ. ಲಂಡನ್ನಿನ ಮೆಟ್ರೊ 2016ರ ಆಗಸ್ಟಿನಿಂದ ಶುಕ್ರವಾರ, ಶನಿವಾರ ರಾತ್ರಿಯಿಡೀ ಕೆಲವು ಮಾರ್ಗಗಳಲ್ಲಿ ಓಡತೊಡಗಿದ್ದು ಈ ಕಾರಣಕ್ಕೇ ಮುಖ್ಯ.

ಉತ್ತರ 3

ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವಳು. ಮನರಂಜನೆಗೆ ಹೋಗುವಷ್ಟು ಬಿಡುವು ನನಗಿಲ್ಲ, ಆದರೂ ಈ ವಿಷಯ ನನಗೆ ಸಂಬಂಧಿಸಿದ್ದೇ. ನಾನು ನಡೆದು ಹೋಗುವ ರಸ್ತೆಯಲ್ಲಿ ಹನ್ನೊಂದರವರೆಗೆ ದೀಪವಿದ್ದ ಮೂರು ಅಂಗಡಿಗಳು ಈಗ ಒಂಬತ್ತಕ್ಕೇ ಮುಚ್ಚುತ್ತವೆ. ಜನರಿದ್ದ ರಸ್ತೆಯಲ್ಲಿ ನಿಶ್ಚಿಂತೆಯಿಂದ ಹೋಗುತ್ತಿದ್ದವಳು ಈಗ ಆಟೋಗೆ ಹಣ ಕೊಡುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಾವು ಗೆಳೆಯರು ಮೊದಲು ಕೈಬಿಟ್ಟದ್ದೂ ಬುಧವಾರವನ್ನೇ ಎಂಬುದು ಈಗ ನೆನಪಾಗಿ ಮನಸ್ಸಿಗೆ ನೋವಾಯಿತು. ಸಭಾಂಗಣ ನಡೆಸಿದವರಲ್ಲಿ ಒಂದು ಪ್ರಶ್ನೆ: ನಿಗದಿತ ಬಾಡಿಗೆಯ ಬದಲು ವಹಿವಾಟಿನಲ್ಲಿ ಪಾಲು ಪಡೆಯಲು ಮಾಲೀಕರು ಒಪ್ಪಿದ್ದರೆ ಅದು ಉಳಿಯುತ್ತಿತ್ತೇ?

ಉತ್ತರ 1 ಬರೆದವರು

ಇನ್ನೂ ಕೆಲವು ವರ್ಷ ಖಂಡಿತ ನಡೆಯುತ್ತಿತ್ತು. ನಾನು ಕೇಳಿಯೂ ಇದ್ದೆ. ಆ ಜಾಗಕ್ಕೆ ದುಪ್ಪಟ್ಟು ಬಾಡಿಗೆ ಕೊಡುವವರು ಆಗಲೇ ಕಾದು ನಿಂತಿದ್ದರು.