ಮದುವೆ ಫೋಟೋ ಎಡಿಟಿಂಗ್: ಒಂದೊಂದು ಫೋಟೋದಲ್ಲಿ ಒಂದೊಂದು ಮೈಬಣ್ಣ ಬರುತ್ತಿದೆ, ಸರಿಪಡಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸ್ನೇಹಿತರೊಬ್ಬರ ಜೊತೆ ಸೇರಿ ಒಂದು ಮದುವೆಯ ಫೋಟೋಗಳನ್ನು ತೆಗೆದಿದ್ದೇನೆ. ನಮ್ಮಿಬ್ಬರ ಕ್ಯಾಮೆರಾಗಳು ಬೇರೆ ಬೇರೆ ಕಂಪನಿಯವು. ನನ್ನವೆಲ್ಲ ರಾ ಫೈಲ್‌ಗಳು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಮಾಹಿತಿ), ಅವರವು ಜೆಪೆಗ್ (ಕ್ಯಾಮೆರಾವೇ ಸಂಸ್ಕರಿಸಿ, ಕುಗ್ಗಿಸಿ ಉಳಿಸಿದ ಫೋಟೋ) ಮಾತ್ರ. ಸಭಾಂಗಣದ ಚಾವಣಿಯಲ್ಲಿ ಹಳದಿ ದೀಪಗಳು, ವೇದಿಕೆಯ ಮೇಲೆ ನೇರಳೆ ಎಲ್‌ಇಡಿ, ಪಕ್ಕದ ಕಿಟಕಿಗಳಿಂದ ಹಗಲಿನ ಬೆಳಕು, ಹೀಗೆ ಎಷ್ಟೋ ಫೋಟೋಗಳಲ್ಲಿ ಮೂರೂ ಬೆಳಕು ಬೆರೆತಿವೆ. ಲೈಟ್‌ರೂಮ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಒಂದು ಫೋಟೋ ಸರಿಪಡಿಸಿ ಅದೇ ಸೆಟ್ಟಿಂಗನ್ನು ಉಳಿದವಕ್ಕೆಲ್ಲ ಹಾಕಿದರೆ ವಧುವಿನ ಮುಖ ಒಂದರಲ್ಲಿ ಕಿತ್ತಳೆಗೆ ತಿರುಗುತ್ತದೆ, ಇನ್ನೊಂದರಲ್ಲಿ ಬೂದಿ ಬಳಿದ ಹಾಗೆ ಕಾಣುತ್ತದೆ. ಅವರ ಕೆಂಪು ಉಡುಪಿನ ನೇಯ್ಗೆ ಅಳಿಸಿಹೋಗಿ ಬರಿಯ ಕೆಂಪು ಮಾತ್ರ ಉಳಿದಿದೆ. ಮುಖವನ್ನು ಎಷ್ಟರ ಮಟ್ಟಿಗೆ ನುಣುಪು ಮಾಡಬಹುದು ಎಂಬುದೂ ತಿಳಿಯುತ್ತಿಲ್ಲ. ಇವೆಲ್ಲ ಆಲ್ಬಮ್ಮಿಗೆ ಮುದ್ರಣವಾಗಬೇಕು. ದಯವಿಟ್ಟು ದಾರಿ ತಿಳಿಸಿ.

ಉತ್ತರ 1

ತಾವು ಒಂದೇ ಸೆಟ್ಟಿಂಗನ್ನು ಎರಡೂ ಕ್ಯಾಮೆರಾದ ಫೋಟೋಗಳಿಗೆ ಹಾಕುತ್ತಿರುವುದೇ ತೊಂದರೆಯ ಮೂಲ. ಲೈಟ್‌ರೂಮ್‌ನಲ್ಲಿ ರಾ ಫೈಲಿನ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಕೆಲ್ವಿನ್ ಲೆಕ್ಕದಲ್ಲಿರುತ್ತದೆ, ಅಂದರೆ ಬೆಳಕಿನ ಬಣ್ಣವನ್ನು ಅಳೆಯುವ ಮಾನದಲ್ಲಿ. ಜೆಪೆಗ್ ತೆರೆದರೆ ಅದೇ ಜಾಗದಲ್ಲಿ ಕೆಲ್ವಿನ್ ಇರುವುದಿಲ್ಲ, ಸೊನ್ನೆಯ ಆಚೀಚೆ ನೂರರವರೆಗಿನ ಅಂಕಿಗಳಿರುತ್ತವೆ. ಜೆಪೆಗ್‌ನಲ್ಲಿ ಬಣ್ಣವನ್ನು ಕ್ಯಾಮೆರಾ ಆಗಲೇ ನಿರ್ಧರಿಸಿಬಿಟ್ಟಿರುವುದರಿಂದ ಒಂದರ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ. 8 ಬಿಟ್ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳಷ್ಟೇ ಇವೆ, 14 ಬಿಟ್ ರಾ ಫೈಲಿನಲ್ಲಿ 16,384. ಆದ್ದರಿಂದ ಎಳೆದಾಡಲು ಅವಕಾಶವಿರುವುದು ತಮ್ಮ ಫೈಲುಗಳಲ್ಲಿಯೇ. ಮೊದಲು ಸ್ನೇಹಿತರ ಜೆಪೆಗ್‌ಗಳನ್ನು ಅವು ಕೆಡದಂತೆ ಎಷ್ಟು ಸಾಧ್ಯವೋ ಅಷ್ಟು ಸರಿಪಡಿಸಿಕೊಂಡು, ಆಮೇಲೆ ತಮ್ಮ ರಾ ಫೋಟೋಗಳನ್ನು ಅವಕ್ಕೆ ಹೊಂದಿಸಿ. ಬಹಳ ಜನ ಇದನ್ನು ತಿರುವುಮುರುವಾಗಿ ಮಾಡಿ ಜೆಪೆಗ್‌ಗಳನ್ನು ಹಾಳು ಮಾಡುತ್ತಾರೆ.

ಎಡಿಟ್ ಶುರು ಮಾಡುವ ಮುನ್ನ ಬೇಡದ ಫೋಟೋಗಳನ್ನು ತೆಗೆದುಹಾಕಿ, ಉಳಿದವನ್ನು ಕಾರ್ಯಕ್ರಮದ ಕ್ರಮಕ್ಕಿಂತ ಹೆಚ್ಚಾಗಿ ಬೆಳಕಿನ ಪ್ರಕಾರ ಗುಂಪು ಮಾಡಿ. ಕಿಟಕಿಯ ಪಕ್ಕದವು ಒಂದು ಗುಂಪು, ಚಾವಣಿ ದೀಪದ ಕೆಳಗಿನವು ಇನ್ನೊಂದು, ವೇದಿಕೆಯವು ಮತ್ತೊಂದು. ಹಳದಿ ದೀಪದ ಬೆಳಕು ಸುಮಾರು 2,700ರಿಂದ 3,200 ಕೆಲ್ವಿನ್, ಹಗಲು ಬೆಳಕು 5,500ರ ಆಸುಪಾಸು. ಇವೆರಡೂ ಒಂದೇ ಫೋಟೋದಲ್ಲಿದ್ದಾಗ ಯಾವ ಒಂದು ಅಂಕಿಯೂ ಎರಡನ್ನೂ ಸರಿಪಡಿಸಲಾರದು. ಅಂಥಲ್ಲಿ ಮುಖದ ಮೇಲೆ ಬಿದ್ದ ಬೆಳಕಿಗೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ಹಿನ್ನೆಲೆಗೆ ಮಾಸ್ಕ್ ಹಾಕಿ (ಆ ಭಾಗವನ್ನು ಮಾತ್ರ ಆಯ್ದುಕೊಂಡು) ಅದರ ಬಣ್ಣವನ್ನು ಬೇರೆಯಾಗಿ ತಿದ್ದಿ. ಐಡ್ರಾಪರ್ (ಒತ್ತಿದ ಜಾಗವನ್ನು ಆಧರಿಸಿ ವೈಟ್ ಬ್ಯಾಲೆನ್ಸ್ ಹೊಂದಿಸುವ ಸಲಕರಣೆ) ಬಳಸುವುದಾದರೆ ಮುಖಕ್ಕೆ ಬಿದ್ದ ಬೆಳಕೇ ಬಿದ್ದಿರುವ ಬಿಳಿ ಅಥವಾ ಬೂದು ಬಟ್ಟೆಯ ಮೇಲೆ ಒತ್ತಬೇಕು. ಹಿಂದಿನ ಗೋಡೆಯ ಬಿಳುಪನ್ನು ನಂಬಬೇಡಿ.

ಉತ್ತರ 2

ಮೇಲಿನವರು ಹೇಳಿದ್ದು ಹಳದಿ ದೀಪ ಮತ್ತು ಕಿಟಕಿ ಬೆಳಕಿನ ಮಟ್ಟಿಗೆ ಸರಿ, ಆದರೆ ನೇರಳೆ ಎಲ್‌ಇಡಿಗೆ ಆ ಉಪಾಯ ನಡೆಯುವುದಿಲ್ಲ. ಆ ಬೆಳಕಿನಲ್ಲಿ ನೀಲಿ ಮತ್ತು ಕೆಂಪೇ ಹೆಚ್ಚು, ಹಸಿರಿನ ಭಾಗ ತೀರಾ ಕಡಿಮೆ. ಕ್ಯಾಮೆರಾದ ಸೆನ್ಸರ್ ತಲುಪದೇ ಇರುವ ಬಣ್ಣವನ್ನು ಯಾವ ಸ್ಲೈಡರೂ ಮರಳಿ ತರಲಾರದು. ನೇರಳೆಯ ತೀವ್ರತೆಯನ್ನು ಸ್ವಲ್ಪ ತಗ್ಗಿಸಿ, ಅದು ವೇದಿಕೆಯ ಬೆಳಕು ಎಂದು ನೋಡುವವರಿಗೆ ತಿಳಿಯುವ ಹಾಗೆಯೇ ಬಿಡಿ. ಮುಖವೆಲ್ಲ ನೇರಳೆಯಾಗಿದ್ದು, ಭಾವ ಚೆನ್ನಾಗಿರುವ ಫೋಟೋಗಳಿದ್ದರೆ ಅವನ್ನು ಕಪ್ಪು ಬಿಳುಪಿಗೆ ತಿರುಗಿಸಿ.

ಕೆಂಪು ಉಡುಪಿನ ವಿಷಯ. ಇಂಥ ಕಡೆ ಸಾಮಾನ್ಯವಾಗಿ ತುಂಬಿ ಹರಿಯುವುದು, ಅಂದರೆ ಮಿತಿ ಮೀರಿ ವಿವರ ಕಳೆದುಕೊಳ್ಳುವುದು, ಫೋಟೋದ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಲ್ಲಿ ಕೆಂಪು ಒಂದೇ, ಹಸಿರು ಮತ್ತು ನೀಲಿಯಲ್ಲಿ ವಿವರ ಉಳಿದಿರುತ್ತದೆ. ಆಲ್ಟ್ ಕೀ ಒತ್ತಿ ಹಿಡಿದು ವೈಟ್ಸ್ ಸ್ಲೈಡರ್ (ಅತಿ ಬೆಳಕಿನ ಭಾಗಗಳನ್ನು ತಿದ್ದುವುದು) ಮುಟ್ಟಿದರೆ ಪರದೆ ಕಪ್ಪಾಗಿ, ಉಡುಪಿನ ಯಾವ ಭಾಗ ಮಿತಿ ಮೀರಿದೆಯೋ ಅಷ್ಟು ಮಾತ್ರ ಕೆಂಪಾಗಿ ಕಾಣುತ್ತದೆ. ರಾ ಫೈಲಾದರೆ ಪ್ರೊಫೈಲನ್ನು (ಫೋಟೋದ ಮೂಲ ಬಣ್ಣಶೈಲಿ) ನ್ಯೂಟ್ರಲ್‌ಗೆ ಬದಲಿಸಿ ನೋಡಿ, ಎಷ್ಟೋ ಸಲ ನೇಯ್ಗೆ ಅಷ್ಟರಲ್ಲಿಯೇ ಮರಳಿ ಬರುತ್ತದೆ. ಸಾಲದಿದ್ದರೆ ಉಡುಪಿಗೆ ಮಾತ್ರ ಮಾಸ್ಕ್ ಹಾಕಿ ಸ್ಯಾಚುರೇಷನ್ (ಬಣ್ಣದ ತೀವ್ರತೆ) ಮತ್ತು ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಇಳಿಸಿ. ಇಡೀ ಫೋಟೋದ ಕೆಂಪನ್ನು ಇಳಿಸಿದರೆ ತುಟಿ, ಕೆನ್ನೆಗಳ ಕಳೆಯೂ ಹೋಗುತ್ತದೆ. ತಾವು ಹೇಳಿದ ಬೂದಿ ಬಣ್ಣಕ್ಕೆ ಇದೂ ಒಂದು ಕಾರಣವಿರಬಹುದು.

ಉತ್ತರ 3

ಮುಖವನ್ನು ನುಣುಪು ಮಾಡುವ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಮೊಡವೆ, ಗೀರು, ಬೆವರಿನ ಹೊಳಪು ಇಂಥ ನಾಲ್ಕು ದಿನದಲ್ಲಿ ಹೋಗುವಂಥವನ್ನು ತೆಗೆಯಬಹುದು. ಮಚ್ಚೆ, ಹಳೆಯ ಗಾಯದ ಗುರುತು, ಹಿರಿಯರ ಮುಖದ ಸುಕ್ಕುಗಳನ್ನು ಅವರೇ ಕೇಳದ ಹೊರತು ಮುಟ್ಟಬಾರದು, ಏಕೆಂದರೆ ಮನೆಯವರು ಆ ಮುಖವನ್ನು ಗುರುತಿಸುವುದೇ ಅವುಗಳಿಂದ. ಚರ್ಮದ ಸಣ್ಣ ವಿವರಗಳನ್ನು ಮೃದುಗೊಳಿಸಲು ಟೆಕ್ಸ್‌ಚರ್ ಸ್ಲೈಡರನ್ನು ಹತ್ತು, ಹದಿನೈದರಷ್ಟು ಇಳಿಸಿ, ನೂರು ಪ್ರತಿಶತ ಹಿಗ್ಗಿಸಿದಾಗ ಚರ್ಮದ ರಂಧ್ರಗಳು ಇನ್ನೂ ಕಾಣುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಮಾತು: ಮುಖಕ್ಕೆ ಬೆಳಕು ಸಾಲದಿದ್ದರೆ ಬೆಳಕು ಹೆಚ್ಚಿಸುವುದು ಸರಿ, ಆದರೆ ಇರುವ ಮೈಬಣ್ಣವನ್ನು ಬಿಳಿಚಿಸುವುದು ಎಡಿಟಿಂಗ್ ಅಲ್ಲ. ಅದು ಆ ವ್ಯಕ್ತಿಗೆ ಮಾಡುವ ಅವಮಾನ.

ಮುದ್ರಣದ ಮಟ್ಟಿಗೆ, ಮಾನಿಟರ್‌ನ ಬೆಳಕು ಜಾಸ್ತಿ ಇಟ್ಟುಕೊಂಡು ಎಡಿಟ್ ಮಾಡಿದರೆ ಆಲ್ಬಮ್ ಕಪ್ಪಾಗಿ ಬರುತ್ತದೆ. ಮಾನಿಟರನ್ನು ಕ್ಯಾಲಿಬ್ರೇಟ್ ಮಾಡಿ (ಬಣ್ಣ, ಬೆಳಕು ಸರಿಯಾಗಿ ತೋರುವಂತೆ ಹೊಂದಿಸಿ) 100 ನಿಟ್ಸ್ (ಪರದೆಯ ಬೆಳಕಿನ ಮಾನ) ಆಸುಪಾಸಿನಲ್ಲಿ ಇಟ್ಟುಕೊಳ್ಳಿ. ಲ್ಯಾಬ್‌ನವರು ಬೇರೆ ಏನೂ ಹೇಳದಿದ್ದರೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣ ಮಾನದಂಡದಲ್ಲಿ ಕೊಡಿ. 12×18 ಇಂಚಿನ ಪುಟಕ್ಕೆ 300 ಪಿಪಿಐ (ಪ್ರತಿ ಇಂಚಿಗೆ 300 ಪಿಕ್ಸೆಲ್) ಎಂದರೆ 3,600×5,400 ಪಿಕ್ಸೆಲ್ ಬೇಕು, ಹಾಗಾಗಿ ಹೆಚ್ಚು ಕ್ರಾಪ್ ಮಾಡಿದ ಫೋಟೋಗಳನ್ನು ಪೂರ್ತಿ ಪುಟಕ್ಕೆ ಹಾಕಬೇಡಿ. ಒಂದೊಂದು ಬೆಳಕಿನ ಗುಂಪಿನಿಂದ ಒಂದೊಂದು ಫೋಟೋ ಆರಿಸಿ ಮೊದಲು ಸಣ್ಣ ಪ್ರಿಂಟ್ ಹಾಕಿಸಿ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಗುಂಪು ಮಾಡಲು ಹೊರಟಾಗ ಇನ್ನೊಂದು ತೊಡಕು ಎದುರಾಯಿತು. ಎರಡೂ ಕ್ಯಾಮೆರಾಗಳ ಗಡಿಯಾರದಲ್ಲಿ ವ್ಯತ್ಯಾಸವಿರುವುದರಿಂದ ಸಮಯದ ಪ್ರಕಾರ ಜೋಡಿಸಿದರೆ ಫೋಟೋಗಳು ಕಲಸಿಹೋಗುತ್ತಿವೆ.

ಉತ್ತರ 1

ಹಾರ ಬದಲಾಯಿಸುವುದೋ, ಉಂಗುರ ತೊಡಿಸುವುದೋ, ತಾವಿಬ್ಬರೂ ಒಂದೇ ಗಳಿಗೆಯಲ್ಲಿ ತೆಗೆದ ದೃಶ್ಯವೊಂದನ್ನು ಹುಡುಕಿ, ಎರಡು ಫೋಟೋಗಳ ಸಮಯದ ಅಂತರವನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಸ್ನೇಹಿತರ ಫೋಟೋಗಳನ್ನೆಲ್ಲ ಒಟ್ಟಿಗೆ ಆಯ್ಕೆ ಮಾಡಿ, ಲೈಟ್‌ರೂಮ್ ಕ್ಲಾಸಿಕ್‌ನ ಮೆಟಾಡೇಟಾ ಮೆನುವಿನಲ್ಲಿರುವ ‘ಎಡಿಟ್ ಕ್ಯಾಪ್ಚರ್ ಟೈಮ್’ಗೆ ಹೋಗಿ ಆ ದೃಶ್ಯದ ಸರಿಯಾದ ಸಮಯ ಕೊಟ್ಟರೆ, ಉಳಿದವೂ ಅಷ್ಟೇ ಅಂತರದಲ್ಲಿ ಸರಿದುಕೊಳ್ಳುತ್ತವೆ. ಆಯ್ಕೆ ಮಾಡುವಾಗ ಆ ದೃಶ್ಯದ ಫೋಟೋವೇ ಮುಖ್ಯವಾಗಿ ಆಯ್ಕೆಯಾಗಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.