ಅಪ್‌ಡೇಟ್: ಒಂದು ತಿಂಗಳು ಕುಡಿಯದೆ ಇದ್ದೆ

ಒಂದು ತಿಂಗಳು ಕುಡಿತ ಬಿಟ್ಟರೆ ನಿಜವಾಗಿಯೂ ಲಾಭ ಇದೆಯಾ ಎಂದು ಕೇಳಿದ್ದೆ. ತಿಂಗಳು ಮುಗಿಯಿತು.

ದೊಡ್ಡ ಬದಲಾವಣೆ ನಿದ್ದೆಯದ್ದು. ಮೊದಮೊದಲು ಉಲ್ಟಾ, ನಿದ್ದೆಯೇ ಹತ್ತುತ್ತಿರಲಿಲ್ಲ. ಆಮೇಲೆ ನಡುರಾತ್ರಿ ಎಚ್ಚರವಾಗುವುದು ನಿಂತಿತು. ಕುಡಿದರೆ ಬೇಗ ನಿದ್ದೆ ಬರುತ್ತದೆ, ನಿಜ. ಆದರೆ ಅಮಲು ಇಳಿಯುತ್ತಿದ್ದಂತೆ ನಿದ್ದೆ ಕೆಡುತ್ತದೆ, ಕನಸು ಬೀಳುವ ಹಂತವೂ ಕಡಿಮೆಯಾಗುತ್ತದೆ.

ಬಿಪಿ ಸ್ವಲ್ಪ ಇಳಿದಿದೆ. ತೂಕ? ಹೇಳಿಕೊಳ್ಳುವಂಥದ್ದೇನಿಲ್ಲ. ಒಂದು ಗ್ರಾಂ ಆಲ್ಕೋಹಾಲ್‌ನಲ್ಲಿ ಸುಮಾರು 7 ಕ್ಯಾಲೊರಿ ಇರುತ್ತದೆ, ಅದು ಉಳಿಯಿತು. ಆದರೆ ಸಂಜೆಯಾದರೆ ಸಿಹಿ ಬೇಕೆನಿಸುತ್ತಿತ್ತು, ಲೆಕ್ಕ ಸಮವಾಯಿತು ಅಲ್ವಾ!

ದಿನಾ ಜಾಸ್ತಿ ಕುಡಿಯುವವರು ಮಾತ್ರ ಸುಮ್ನೆ ಒಮ್ಮೆಲೇ ನಿಲ್ಲಿಸಬೇಡಿ. ಕೈ ನಡುಕ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮೊದಲು ಡಾಕ್ಟರನ್ನು ಕೇಳಿ. ನಾನು ಅಪರೂಪದ ಗಿರಾಕಿಯಲ್ಲ, ಹಾಗಂತ ದಿನದ ಗಿರಾಕಿಯೂ ಅಲ್ಲ. ಅದಕ್ಕೇ ಸಲೀಸಾಯಿತು.