ಕ್ಯೋಟೋದ ಕೈಸೆಕಿ ಊಟ: ಸಸ್ಯಾಹಾರಿಗಳಿಗೆ ಸಾಧ್ಯವೇ?

ಪ್ರಶ್ನೆ, ಮಡಿಕೇರಿ:
ಬರುವ ವಸಂತದಲ್ಲಿ ಮಗಳು ನಮ್ಮಿಬ್ಬರನ್ನೂ ಜಪಾನಿನ ಕ್ಯೋಟೋದಲ್ಲಿ, ಕೈಸೆಕಿ ಎಂಬ ಸಾಂಪ್ರದಾಯಿಕ ಜಪಾನಿ ಊಟ ಬಡಿಸುವ ಹಳೆಯ ಹೋಟೆಲೊಂದಕ್ಕೆ ಊಟಕ್ಕೆ ಕರೆದೊಯ್ಯಲಿದ್ದಾಳೆ. ನನಗೆ ಮೀನು, ಮಾಂಸ ಎಲ್ಲವೂ ಆಗುತ್ತದೆ. ಪತ್ನಿ ಮಾತ್ರ ಶುದ್ಧ ಸಸ್ಯಾಹಾರಿ. ಅಲ್ಲಿ ಊಟ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ, ವಿರಾಜಪೇಟೆ:
ಸರ್, ನಾನು ಮರೆಯಲಾರದ ಊಟ ಅಂಥದ್ದೊಂದು ಕಡೆಯೇ ಆಯಿತು. ಆ ಋತುವಿನಲ್ಲಿ ಸಿಗುವುದನ್ನು ನೋಡಿ ಬಾಣಸಿಗರೇ ನಿರ್ಧರಿಸಿ, ಒಂದಾದ ಮೇಲೊಂದರಂತೆ ಬಡಿಸುತ್ತಾರೆ. ಕಪ್ಪು ಅರಗಿನ ಬಟ್ಟಲಿನ ಮುಚ್ಚಳ ತೆಗೆದಾಗ ತಿಳಿಸಾರಿನಲ್ಲಿ ಎಳೆಯ ಬಿದಿರಿನ ಕಳಲೆಯೂ ವಾಕಮೆ ಎಂಬ ಕಡಲಪಾಚಿಯೂ ಇದ್ದವು. ನಾವು ಕೊಡಗಿನವರು ಮಳೆಗಾಲದ ಬೈಂಬಳೆಯನ್ನು (ಕಳಲೆಯನ್ನು) ಹೆಚ್ಚಿ ನೀರಿನಲ್ಲಿ ನೆನೆಸಿ ಕಹಿ ತೆಗೆದರೆ, ಅವರು ವಸಂತದ ಕಳಲೆಯನ್ನು ಅಕ್ಕಿತವುಡಿನೊಂದಿಗೆ ಬೇಯಿಸಿ ತೆಗೆಯುತ್ತಾರೆ; ಅದರ ಎಳೆತನ ಮತ್ತು ನವಿರಾದ ಸಿಹಿ ಇಂದಿಗೂ ನಾಲಿಗೆಯಲ್ಲಿದೆ. ಅನ್ನ, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು ಮತ್ತು ಉಪ್ಪಿನಕಾಯಿ ಕೊನೆಯಲ್ಲಿ ಬರುತ್ತವೆ, ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ.

ಉತ್ತರ, ಸೋಮವಾರಪೇಟೆ:
ಅಮ್ಮನವರ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ದಾಶಿ ಎಂಬ ಮೂಲಸಾರನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿಯ ಜೊತೆಗೆ ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನಿನಿಂದ ತಯಾರಿಸುವುದರಿಂದ, ಬರೀ ತರಕಾರಿಯಂತೆ ಕಾಣುವ ಖಾದ್ಯದಲ್ಲೂ ಮೀನಿನ ಅಂಶವಿರುತ್ತದೆ. ಜಾಗ ಕಾಯ್ದಿರಿಸುವಾಗಲೇ ಇದನ್ನು ತಿಳಿಸಿ. ಹೋಟೆಲಿನವರಿಗೆ ಅದು ಆಗದಿದ್ದರೆ ಬೌದ್ಧ ದೇವಾಲಯಗಳ ಶೋಜಿನ್ ಎಂಬ ಸಸ್ಯಾಹಾರಿ ಊಟವನ್ನು ಆರಿಸಿ. ಅಲ್ಲಿ ಕೊಂಬು ಮತ್ತು ಒಣ ಶಿಟಾಕೆ ಅಣಬೆಯ ಸಾರು ಬಳಸುತ್ತಾರೆ, ರುಚಿಗೇನೂ ಕೊರತೆಯಿಲ್ಲ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಅವರು ಉಮಾಮಿ ಎಂಬ ಐದನೆಯ ಮೂಲ ರುಚಿಯ ಮೂಲವಸ್ತುವನ್ನು ಗುರುತಿಸಿದ್ದೂ ಕೊಂಬುವಿನಲ್ಲಿಯೇ.